ಡೀಸೆಲ್ ಹೊಲಕ್ಕೆ ಬಂದ ತವರಿನವರು

ಡೀಸೆಲ್ ವಾಸನೆ ಬಂದರೆ ನನಗೆ ಹಸಿವಾಗುತ್ತದೆ. ಹೆಂಡತಿಗೆ ಹೇಳಿದರೆ ನಂಬುವುದಿಲ್ಲ, ಡಾಕ್ಟರಿಗೆ ಹೇಳುವ ಧೈರ್ಯ ನನಗಿಲ್ಲ. ಮೊನ್ನೆ ತಾಳಿಕೋಟೆಯಿಂದ ಮುದ್ದೇಬಿಹಾಳಕ್ಕೆ ಹೊರಟ ಬಸ್ಸು ನಡುದಾರಿಯಲ್ಲಿ ಕೆಟ್ಟು ನಿಂತಿತು. ಆಗಷ್ಟೇ ಮಳೆ ಬಿದ್ದು ಹೋಗಿತ್ತು. ಬಸ್ಸಿನಿಂದ ತೊಟ್ಟಿಕ್ಕುತ್ತಿದ್ದ ಡೀಸೆಲ್ಲು ರಸ್ತೆ ಬದಿಯ ಎರೆಮಣ್ಣಿಗೆ ಇಳಿಯುತ್ತಿತ್ತು. ಕೆಳಗಿಳಿದವರೆಲ್ಲ ಮೂಗಿಗೆ ಸೆರಗು, ಟವೆಲ್ಲು ಹಿಡಿದು ಡ್ರೈವರನನ್ನು ಬೈಯುತ್ತಿದ್ದರೆ ನನ್ನ ಬಾಯಲ್ಲಿ ನೀರು. ಹಸಿ ಎರೆಮಣ್ಣು ಮತ್ತು ಡೀಸೆಲ್ಲು ಕೂಡಿದ ಆ ವಾಸನೆ ಮೂಗಿಗೆ ಬಡಿದರೆ ಸಾಕು, ನನಗೆ ಶೇಂಗಾ ಹೋಳಿಗೆ ನೆನಪಾಗುತ್ತದೆ. ಹೋಳಿಗೆಯ ಹಿಂದೆಯೇ ನೀಲವ್ವ ನೆನಪಾಗುತ್ತಾಳೆ. ತೊಂಬತ್ತರ ದಶಕ ಮುಗಿಯುವ ಹೊತ್ತಿಗೆ ಅವಳ ಹೊಲದಲ್ಲಿ ನಾನು ಕಳೆದ ಒಂದು ಮಳೆಗಾಲ ಇದ್ದಕ್ಕಿದ್ದಂತೆ ಎದುರಿಗೆ ಬಂದು ನಿಲ್ಲುತ್ತದೆ.

ನಾನು ಇಂಡಿ ಊರಿನವನು. ಸೂಕ್ಷ್ಮಜೀವಿಗಳ ಬಗ್ಗೆ ಓದಿ, ಓದಿದ್ದಕ್ಕೆ ಕೆಲಸ ಸಿಗದೆ, ಅಪ್ಪನ ಬಾಯಲ್ಲಿ "ಹುಳಾ ಓದಿದಾಂವ" ಅನ್ನಿಸಿಕೊಂಡು ತಿರುಗುತ್ತಿದ್ದೆ. ಜಿಲ್ಲಾ ಕೇಂದ್ರದ ಕಾಲೇಜಿನಲ್ಲಿ ನಮಗೆ ಪಾಠ ಹೇಳಿದ್ದ ಪ್ರೊಫೆಸರರೊಬ್ಬರಿದ್ದರು, ನಾವೆಲ್ಲ ದೊಡ್ಡ ಸರ್ ಅನ್ನುತ್ತಿದ್ದೆವು. ಅವರು ಕರೆದು ಒಂದು ಪ್ರಯೋಗಕ್ಕೆ ಸಹಾಯಕನನ್ನಾಗಿ ಹಾಕಿಕೊಂಡರು.

ಪ್ರಯೋಗ ಹುಟ್ಟಿದ್ದು ಒಂದು ಅಪಘಾತದಿಂದ. ಆ ಬೇಸಿಗೆಯಲ್ಲಿ ಬಾಗೇವಾಡಿಯಿಂದ ಮುದ್ದೇಬಿಹಾಳದ ಕಡೆ ಹೋಗುವ ದಾರಿಯ ತಿರುವಿನಲ್ಲಿ ಡೀಸೆಲ್ ಟ್ಯಾಂಕರೊಂದು ಪಲ್ಟಿ ಹೊಡೆದಿತ್ತು. ಡ್ರೈವರ್ ಪುಣ್ಯಕ್ಕೆ ಬದುಕಿಕೊಂಡ. ಊರ ಜನ ಕೊಡ, ಬಕೆಟ್ಟು, ಕೈಗೆ ಸಿಕ್ಕಿದ್ದು ಹಿಡಿದು ಬಂದು ತುಂಬಿಕೊಂಡು ಹೋದರು. ಅವರಿಗೆ ದಕ್ಕದೆ ಉಳಿದದ್ದನ್ನೆಲ್ಲ ನೀಲವ್ವನ ಹೊಲ ಕುಡಿಯಿತು. ಬೇಸಿಗೆಯಲ್ಲಿ ಎರೆಹೊಲ ಬಾಯಿ ಬಿಟ್ಟುಕೊಂಡೇ ಇರುತ್ತದೆ, ಆ ಬಿರುಕುಗಳೊಳಗೆ ಡೀಸೆಲ್ಲು ಮೊಣಕೈ ಆಳಕ್ಕೆ ಇಳಿದಿತ್ತು. ರಸ್ತೆಗೆ ಹತ್ತಿದ ಒಂದು ಅಗಲವಾದ ಪಟ್ಟಿ ಪೂರಾ ಕೆಟ್ಟಿತ್ತು. ನೀರು ಹಾಕಿದರೆ ಮಣ್ಣು ಕುಡಿಯುತ್ತಿರಲಿಲ್ಲ, ಕಳೆಯ ಬೀಜ ಕೂಡ ಅಲ್ಲಿ ಮೊಳೆಯುವ ಮನಸ್ಸು ಮಾಡಿರಲಿಲ್ಲ.

ಆ ಹೊಲ ಸುಮ್ಮನೆ ಹೊಲವಲ್ಲ. ಮುದ್ದೇಬಿಹಾಳದಲ್ಲಿದ್ದ ನೀಲವ್ವನ ಅಪ್ಪ ಮಗಳ ಮದುವೆಯಲ್ಲಿ ಅರಿಶಿಣ ಕುಂಕುಮಕ್ಕೆಂದು ಕೊಡಿಸಿದ್ದು. ಗಂಡ ಸಂಗಪ್ಪ ಒಳ್ಳೆಯವನೇ, ಆದರೆ ಮಾತು ಕಡಿಮೆ, ಲೆಕ್ಕ ಜಾಸ್ತಿ. ಸಿಂದಗಿ ಕಡೆಯವನೊಬ್ಬ ಬಂದು, ಹೇಗೂ ಕೆಟ್ಟ ಮಣ್ಣು, ತೆಗೆದು ಹಾಕಿ ಗರಸು ಮಣ್ಣು ಹೊಡೆಸಿ ಅಲ್ಲೊಂದು ಧಾಬಾ ಮಾಡುತ್ತೇನೆ ಎಂದು ಕೇಳಿದ್ದ. ಸಂಗಪ್ಪನಿಗೆ ಅದು ಸರಿ ಕಂಡಿತು. ನೀಲವ್ವ ಒಂದು ದಿನವೆಲ್ಲ ಅತ್ತು, ಮರುದಿನ ಒಲೆ ಹಚ್ಚಲಿಲ್ಲವಂತೆ. ಕೊನೆಗೆ ಸಂಗಪ್ಪ ನನ್ನ ಮತ್ತು ದೊಡ್ಡ ಸರ್ ಎದುರಿಗೇ ತೀರ್ಪು ಕೊಟ್ಟ.

"ಹಿಂಗಾರಿಗೆ ಇದರಾಗ ಜ್ವಾಳ ಹುಟ್ಟಿದ್ರ ಹೊಲ. ಹುಟ್ಟಲಿಲ್ಲಂದ್ರ ಧಾಬಾ. ಮುಗೀತು."

ಅಂದರೆ ಮುಂಗಾರು ಶುರುವಾಗುವುದರಿಂದ ಹಿಡಿದು ಹಿಂಗಾರಿ ಬಿತ್ತನೆಯವರೆಗೆ ನಮಗಿದ್ದ ಸಮಯ. ಅಷ್ಟರಲ್ಲಿ ಬ್ಯಾಕ್ಟೀರಿಯಾಗಳು ಡೀಸೆಲ್ಲನ್ನು ತಿಂದು ಮುಗಿಸಬೇಕು. ದೊಡ್ಡ ಸರ್‌ಗೆ ಇದು ಪ್ರಯೋಗ, ನನಗೆ ಸಂಬಳ, ನೀಲವ್ವನಿಗೆ ಅವಳಪ್ಪ.

ಎಣ್ಣೆ ತಿನ್ನುವ ಬ್ಯಾಕ್ಟೀರಿಯಾಗಳನ್ನು ಎಲ್ಲಿಂದಲೋ ವಿಮಾನದಲ್ಲಿ ತರಿಸಲಿಲ್ಲ. ವರ್ಷಾನುಗಟ್ಟಲೆ ಆಯಿಲ್ ಚೆಲ್ಲಿದ ಜಾಗದಲ್ಲಿ ಅವು ತಾವಾಗಿಯೇ ಮನೆ ಮಾಡಿಕೊಂಡಿರುತ್ತವೆ. ಮುದ್ದೇಬಿಹಾಳದ ಒಂದು ಹಳೆಯ ಲಾರಿ ಗ್ಯಾರೇಜಿನ ಹಿತ್ತಲಿನ ಕಪ್ಪು ಮಣ್ಣನ್ನು ಡಬ್ಬಿಯಲ್ಲಿ ತುಂಬಿಕೊಂಡು ಬಂದು, ಅದರೊಳಗಿನ ಜೀವಿಗಳನ್ನು ಬೇರ್ಪಡಿಸಿ, ಕಾಲೇಜಿನಲ್ಲಿ ಬೆಳೆಸಿ, ನೀಲಿ ಡ್ರಮ್ಮುಗಳಲ್ಲಿ ತುಂಬಿಕೊಂಡು ಹೋಗಿದ್ದೆ. ಮೊದಲ ಮಳೆ ಬಿದ್ದ ಮೇಲೆ ಪಕ್ಕದ ಹೊಲದ ಖಾಜಾಸಾಬ ತನ್ನ ಟ್ರ್ಯಾಕ್ಟರ್ ತಂದು ಪಟ್ಟಿಗೆ ಆಳವಾಗಿ ನೇಗಿಲು ಹೊಡೆದ. ಸಗಣಿ ಗೊಬ್ಬರ, ತೊಗರಿ ಹೊಟ್ಟು ಬೆರೆಸಿ ಮಣ್ಣು ಸಡಿಲು ಮಾಡಿದೆವು. ನಾನು ಡ್ರಮ್ಮಿನ ಮುಚ್ಚಳ ತೆಗೆದಾಗ ನೀಲವ್ವ ಬಗ್ಗಿ ನೋಡಿದಳು.

"ಏನ್ ತಮ್ಮಾ ಇದು, ಕಲಗಚ್ಚ ಇದ್ದಂಗ ಐತಿ?"

"ಇದರಾಗ ಕಣ್ಣಿಗೆ ಕಾಣದಂಥ ಜೀವ ಅದಾವ ದೊಡ್ಡವ್ವ. ಇವು ಡೀಸೆಲ್ ತಿಂತಾವ."

"ಯಾವ ಊರವು?"

ನಮ್ಮ ಕಡೆ ಯಾರೇ ಬರಲಿ, ಮೊದಲು ಕೇಳುವುದು ಇದನ್ನೇ. ನಾನು ನಿಜವನ್ನೇ ಹೇಳಿದೆ. "ಮುದ್ದೇಬಿಹಾಳದವು. ಅಲ್ಲೊಂದು ಗ್ಯಾರೇಜಿನಿಂದ ತಂದೇನಿ."

ನೀಲವ್ವನ ಮುಖ ಅರಳಿತು. ತಲೆ ಮೇಲೆ ಸೆರಗು ಎಳೆದುಕೊಂಡು ಡ್ರಮ್ಮಿನ ಕಡೆ ಇನ್ನೊಮ್ಮೆ, ಈ ಸಲ ಮರ್ಯಾದೆಯಿಂದ ನೋಡಿದಳು. "ಅಯ್ಯ ಶಿವನ! ನಮ್ಮ ತವರಿನವು ಅನ್ನು. ಮೊದಲ ಹೇಳಬಾರದೇನೋ!"

ಟ್ರ್ಯಾಕ್ಟರಿನ ಮೇಲಿದ್ದ ಖಾಜಾಸಾಬ ನಕ್ಕ. ನಾನೂ ನಕ್ಕೆ. ಆ ಮಾತಿನಿಂದ ನನಗೆ ಮುಂದೆ ಏನು ಕಾದಿದೆ ಎಂದು ಗೊತ್ತಿದ್ದರೆ ಅಲ್ಲೇ ಮಣ್ಣಿನಲ್ಲಿ ಕೂತು ಅಳುತ್ತಿದ್ದೆ.

ವಾರಕ್ಕೊಮ್ಮೆ ಬಸ್ಸು ಹತ್ತಿ ಬರುವುದು, ಮಣ್ಣು ತಿರುವಿಸುವುದು, ಒಣಗಿದ್ದರೆ ಬಾವಿ ನೀರು ಚಿಮುಕಿಸುವುದು, ನಾಲ್ಕು ಕಡೆಯಿಂದ ಮಣ್ಣು ತೆಗೆದು ಚೀಲಕ್ಕೆ ಹಾಕಿಕೊಂಡು ಹೋಗುವುದು, ಇಷ್ಟು ನನ್ನ ಕೆಲಸ. ಎರೆಮಣ್ಣಿನಲ್ಲಿ ಮಳೆಗಾಲದಲ್ಲಿ ಕೆಲಸ ಮಾಡಿದವರಿಗೆ ಗೊತ್ತು, ಒಂದು ಹೆಜ್ಜೆ ಇಟ್ಟರೆ ಚಪ್ಪಲಿಗೆ ಒಂದು ಸೇರು ಮಣ್ಣು ಹತ್ತುತ್ತದೆ. ಚಪ್ಪಲಿ ಬಿಟ್ಟು ನಡೆದರೆ ಕಾಲಿಗೆ ಡೀಸೆಲ್ಲು. ಇಂಡಿಗೆ ಹೋದಾಗ ಅವ್ವ ನನ್ನನ್ನು ಹಿತ್ತಲಲ್ಲೇ ನಿಲ್ಲಿಸಿ ಸೀಗೆಪುಡಿ ಹಚ್ಚಿ ತಿಕ್ಕುತ್ತಿದ್ದಳು. ಅಪ್ಪ ಬೀಡಿ ಹಚ್ಚಿದರೆ ದೂರ ಹೋಗಿ ಹಚ್ಚುತ್ತಿದ್ದ.

ಆದರೆ ಊಟದ ವಿಷಯಕ್ಕೆ ಬಂದರೆ ಅಂಥ ಸುಖ ನಾನು ಕಂಡಿಲ್ಲ. ನೀಲವ್ವ ಬುತ್ತಿ ಬಿಚ್ಚಿದರೆ ಬಿಸಿ ರೊಟ್ಟಿ, ಎಣ್ಣೆಗಾಯಿ ಬದನೆಕಾಯಿ, ಗಟ್ಟಿ ಮೊಸರು, ಶೇಂಗಾ ಹಿಂಡಿ. ಸುತ್ತ ಡೀಸೆಲ್ ಗಬ್ಬು, ನಡುವೆ ನಾನು ಎರಡು ರೊಟ್ಟಿ ಮುಗಿಸಿ ಮೂರನೆಯದಕ್ಕೆ ಕೈ ಚಾಚುತ್ತಿದ್ದೆ. ಬುತ್ತಿ ನನ್ನೊಬ್ಬನಿಗೆ ಬಹಳ ದೊಡ್ಡದಾಯಿತಲ್ಲ ಎಂದು ಒಂದು ದಿನವೂ ನನಗೆ ಅನುಮಾನ ಬರಲಿಲ್ಲ. ತಿನ್ನುವವನಿಗೆ ಅನುಮಾನ ಯಾಕೆ ಬಂದೀತು?

ಅನುಮಾನ ಬಂದದ್ದು ದೊಡ್ಡ ಸರ್‌ಗೆ. ಒಂದು ದಿನ ಅವರು ಲ್ಯಾಬಿನಲ್ಲಿ ಸೂಕ್ಷ್ಮದರ್ಶಕದಿಂದ ಕಣ್ಣು ತೆಗೆದು ನನ್ನನ್ನು ಕರೆದರು.

"ಏನಪಾ, ಈ ಮಣ್ಣಿನಾಗ ಜೀವಿಗಳು ಜಾತ್ರಿ ಕೂಡಿದಂಗ ಕೂಡ್ಯಾವ. ಆದ್ರ ಡೀಸೆಲ್ಲು ಇದ್ದಲ್ಲೇ ಐತಿ. ಮತ್ತ ಇವು ಏನು ತಿಂದು ಇಷ್ಟು ದಪ್ಪ ಆಗ್ಯಾವ?"

ನನಗೇನು ಗೊತ್ತು? ಮುಂದಿನ ವಾರ ಬಾಗೇವಾಡಿಯಲ್ಲಿ ಖಾಜಾಸಾಬನ ಟ್ರ್ಯಾಕ್ಟರ್ ಸಿಕ್ಕಿ, ಬಸ್ಸಿಗೆ ಕಾಯದೆ ಎಂದಿಗಿಂತ ಮೊದಲೇ ಹೊಲ ಮುಟ್ಟಿದೆ. ನೋಡುತ್ತೇನೆ, ನೀಲವ್ವ ಪಟ್ಟಿಯ ತುಂಬ ಓಡಾಡುತ್ತಿದ್ದಾಳೆ. ಒಂದು ಕೈಯಲ್ಲಿ ಅಂಬಲಿಯ ಗಡಿಗೆ, ಇನ್ನೊಂದು ಕೈಯಲ್ಲಿ ಸೌಟು. ಸೌಟಿನಿಂದ ಮಣ್ಣಿಗೆ ಬಡಿಸುತ್ತಾ, "ನಾಚಬ್ಯಾಡ್ರಿ, ಉಣ್ರಿ" ಅನ್ನುತ್ತಿದ್ದಾಳೆ. ಬದುವಿನ ಮೇಲೆ ಬೆಲ್ಲದ ನೀರಿನ ತಂಬಿಗೆ. ಅದರ ಪಕ್ಕ, ದೇವರಾಣೆ, ಹೋಳಿಗೆ.

"ದೊಡ್ಡವ್ವ! ಏನ ಮಾಡಾಕತ್ತೀ?"

ಸಿಕ್ಕಿಬಿದ್ದವಳ ಹಾಗೆ ಹೆದರಲಿಲ್ಲ ಅವಳು. ನನ್ನನ್ನೇ ತರಾಟೆಗೆ ತೆಗೆದುಕೊಂಡಳು. "ಏನ ಮಾಡಾಕತ್ತೀ ಅಂದ್ರ? ಬರೇ ಎಣ್ಣಿ ಕುಡಿದು ಹೆಂಗ ಬದುಕ್ತಾವೋ ಅವು? ತವರಿನವರು ಅಷ್ಟು ದೂರದಿಂದ ಬಂದಾರ, ನೀಲವ್ವ ಎಣ್ಣಿ ಕುಡಿಸಿ ಮಲಗಿಸಿದಳು ಅಂತ ನಾಳೆ ಮುದ್ದೇಬಿಹಾಳದಾಗ ಜನ ಆಡ್ಕೋಬಾರದೇನು?"

ನಾನು ತಲೆ ಮೇಲೆ ಕೈ ಹೊತ್ತು ಕೂತೆ. ಸುಲಭವಾಗಿ ಸಿಗುವ ಬೆಲ್ಲ, ಅಂಬಲಿ ಇದ್ದರೆ ಯಾವ ಜೀವಿ ಕಷ್ಟಪಟ್ಟು ಡೀಸೆಲ್ ಜೀರ್ಣಿಸಿಕೊಳ್ಳುತ್ತದೆ? ನೀವಾದರೂ ಹೋಳಿಗೆ ಬಿಟ್ಟು ಗ್ರೀಸು ತಿನ್ನುತ್ತೀರಾ? ಇದನ್ನು ನಾನು ಅವಳಿಗೆ ಮೂರು ರೀತಿಯಲ್ಲಿ ಬಿಡಿಸಿ ಹೇಳಿದೆ. ಅವಳು ಎಲ್ಲ ಕೇಳಿ, "ಅದೆಲ್ಲ ಖರೆ ತಮ್ಮಾ, ಆದ್ರ ಮನಿಗೆ ಬಂದವರಿಗೆ ಬ್ಯಾಡ ಅನ್ನಾಕ ಬರೂದಿಲ್ಲ ನನಗ" ಎಂದಳು. ಅದು ಅವಳ ಕೈಲಿ ಸಾಧ್ಯವಿಲ್ಲದ ಕೆಲಸ ಎಂದು ಮುಖ ನೋಡಿದರೇ ತಿಳಿಯುತ್ತಿತ್ತು.

ಅಷ್ಟರಲ್ಲಿ ಶ್ರಾವಣ ಬಂತು. ನನಗೊಂದು ಉಪಾಯ ಹೊಳೆಯಿತು, ಹೊಳೆಯದಿದ್ದರೆ ಚೆನ್ನಾಗಿತ್ತು.

"ದೊಡ್ಡವ್ವ, ಶ್ರಾವಣ ಅಲ್ಲ? ಈ ತಿಂಗಳು ಅವಕ್ಕೂ ಉಪಾಸ ಅಂತ ತಿಳಕೋ."

"ಹೌದಾ!" ಎಂದು ಗಲ್ಲ ಗಲ್ಲ ಬಡಿದುಕೊಂಡಳು. "ಉಪಾಸ ಇದ್ದವರಿಗೆ ಅಂಬಲಿ ಹಾಕಿದೆನಲ್ಲೋ. ಇನ್ನ ಹಾಕೂದಿಲ್ಲ ಬಿಡು."

ಖುಷಿಯಿಂದ ಹೋದೆ. ಮುಂದಿನ ವಾರ ಬಂದು ಮಣ್ಣು ಕೆದರಿದರೆ ಮುತ್ತಿನಂಥ ಬಿಳಿ ಬಿಳಿ ಕಾಳು. ಕೈಯಲ್ಲಿ ಹಿಸುಕಿ ನೋಡಿದೆ. ಸಾಬೂದಾಣಿ. ಅದರ ಪಕ್ಕ ಬಾಳೆಹಣ್ಣಿನ ಚೂರು, ಶೇಂಗಾ ಉಂಡಿಯ ಪುಡಿ.

"ಇವೆಲ್ಲ ಉಪಾಸಕ್ಕ ನಡೀತಾವಲ್ಲ" ಎಂದಳು ನೀಲವ್ವ, ನಾನು ಹೊಗಳುತ್ತೇನೆ ಎಂದು ಕಾಯುತ್ತಾ.

ತಪ್ಪು ನನ್ನದೇ. ನಮ್ಮ ಕಡೆ ಉಪವಾಸದ ದಿನ ಜನ ಉಳಿದ ದಿನಗಳಿಗಿಂತ ಹೆಚ್ಚು ತಿನ್ನುತ್ತಾರೆ ಎಂಬುದು ಇಂಡಿಯಲ್ಲಿ ಹುಟ್ಟಿ ಬೆಳೆದ ನನಗೆ ನೆನಪಾಗಬೇಕಿತ್ತು. ಖಾಜಾಸಾಬ ಟ್ರ್ಯಾಕ್ಟರಿನಿಂದ ಬೀಳುವುದೊಂದು ಬಾಕಿ, ಹಾಗೆ ನಗುತ್ತಿದ್ದ.

"ನಿಮ್ಮ ಉಪಾಸ ನಡಿಯೂದಿಲ್ಲ ಬಿಡ್ರಿ ಸರ. ನಮ್ಮ ರೋಜಾ ಹೇಳ್ರಿ ಅವಕ್ಕ. ಹನಿ ನೀರು ಸಹಿತ ಇಲ್ಲ!"

ಅವನು ಚೇಷ್ಟೆಗೆ ಅಂದದ್ದು. ನೀಲವ್ವ ಚೇಷ್ಟೆಗೆ ಕೇಳಿಸಿಕೊಳ್ಳಲಿಲ್ಲ. ಆ ವಾರ ಮಳೆಯೂ ಕೈಕೊಟ್ಟಿತು. ನಾನು ಮತ್ತೆ ಬಂದಾಗ ಪಟ್ಟಿ ಒಣಗಿ ಬಿರುಕು ಬಿಟ್ಟಿತ್ತು. ನೀರಿಲ್ಲದೆ ಬ್ಯಾಕ್ಟೀರಿಯಾ ಬದುಕುವುದು ಹೇಗೆ?

"ದೊಡ್ಡವ್ವ, ನೀರು ಯಾಕ ಹೊಡದಿಲ್ಲ?"

"ರೋಜಾ ಹಿಡಿಸೇನಿ. ಹಗಲು ಹನಿ ನೀರಿಲ್ಲ."

ನಾನು ಗಾಬರಿಯಿಂದ ಕೇಳಿದೆ, "ಮತ್ತ ಸಂಜೀಕ?"

"ಸಂಜೀಕ ಬಿಡಸ್ತೇನಿ. ಖಾಜಾನ ಮನಿಯಿಂದ ಖರ್ಜೂರ ತಂದೇನಿ."

ಅವತ್ತು ನಾನು ಊಟ ಮಾಡಲಿಲ್ಲ. ನೀಲವ್ವ ಎಷ್ಟು ಕರೆದರೂ ಹೋಗದೆ ಬದುವಿನ ಮೇಲೆ ಮುಖ ತಿರುಗಿಸಿ ಕೂತೆ. ನನಗೆ ನಿಜವಾಗಿ ಸಿಟ್ಟು ಬಂದಿತ್ತು. ಅವಳ ಹೊಲ ಉಳಿಸಲು ನಾವು ಒದ್ದಾಡುತ್ತಿದ್ದರೆ, ಅವಳೇ ಸೌಟು ಹಿಡಿದು ಅದನ್ನು ಧಾಬಾದವನ ಕೈಗೆ ಬಡಿಸುತ್ತಿದ್ದಳು. ಶ್ರಾವಣ ಮುಗಿಯುತ್ತ ಬಂದಿತ್ತು, ಡೀಸೆಲ್ಲು ಇದ್ದಲ್ಲೇ ಇತ್ತು.

ಆ ಹೊತ್ತಿಗೇ ಧಾಬಾದವನು ಅವಸರ ಶುರು ಮಾಡಿದ. ಹಿಂಗಾರಿವರೆಗೆ ಯಾಕೆ, ದಸರೆಗೆ ಮೊದಲೇ ಗರಸು ಹೊಡೆಸುತ್ತೇನೆ ಎಂದು ಹೇಳಿ ಕಳಿಸಿದ. ಸಂಗಪ್ಪನ ಮನಸ್ಸು ಓಲಾಡತೊಡಗಿತು. ಹೆದರಿದ ನೀಲವ್ವ ಮುದ್ದೇಬಿಹಾಳದಿಂದ ತನ್ನ ಅಣ್ಣ ಬಸವಂತಪ್ಪನನ್ನು ಕರೆಸಿದಳು. ಅಪ್ಪ ತೀರಿಹೋದ ಮೇಲೆ ತವರು ಎಂದರೆ ಅವಳಿಗೆ ಅವನೇ. ಅವನು ಬಂದು ತಂಗಿಯ ಗಂಡನ ಹತ್ತಿರ ಗಟ್ಟಿಯಾಗಿ ಒಂದು ಮಾತು ಹೇಳಬೇಕು, ಬಿತ್ತನೆ ತನಕ ತಡೆಯಬೇಕು, ಅಷ್ಟೇ ಅವಳ ಆಸೆ. ನಾನೂ ಸಾಕ್ಷಿಗೆ ಇರಲಿ ಎಂದು ನನ್ನನ್ನು ಮನೆಗೆ ಕರೆದಳು.

ಬಸವಂತಪ್ಪ ದೊಡ್ಡ ಆಳು. ಒಳಗೆ ಬಂದವನೇ, "ಎಲ್ಲಿ ಅದಾನ ಆ ಧಾಬಾದಾಂವ? ಮೊದಲ ನನ್ನ ಕೂಡ ಮಾತಾಡಂತ ಹೇಳ್ರಿ" ಎಂದು ಗುಡುಗಿದ. ನೀಲವ್ವನ ಕಣ್ಣು ತುಂಬಿದವು. ಅಣ್ಣ ದಣಿದು ಬಂದಿದ್ದಾನೆ, ಮೊದಲು ಊಟವಾಗಲಿ ಎಂದಳು. ಹೋಳಿಗೆ ಬಂತು, ಅದರ ಮೇಲೆ ತುಪ್ಪ ಬಂತು, ಕಟ್ಟಿನ ಸಾರು ಬಂತು. ಸಂಗಪ್ಪ ಕೂತು ಕಾಯುತ್ತಿದ್ದ. "ಇನ್ನೊಂದು ಹಾಕ್ಕೋ ಅಣ್ಣಾ" ಎಂದು ಅವಳು ಬಡಿಸುತ್ತಲೇ ಹೋದಳು, ಅವನು ಬ್ಯಾಡ ಬ್ಯಾಡ ಅನ್ನುತ್ತಲೇ ಹಾಕಿಸಿಕೊಂಡ. ಎಲೆ ಅಡಿಕೆ ಬಾಯಿಗೆ ಹಾಕಿಕೊಂಡು, "ಈಗ ಮಾತಾಡೂಣು" ಎಂದು ಹೊರಸಿನ ಮೇಲೆ ಒಂದು ಕ್ಷಣ ಒರಗಿದ. ಒರಗಿದ್ದೇ ತಡ, ಗೊರಕೆ.

ಸಂಗಪ್ಪ ಸ್ವಲ್ಪ ಹೊತ್ತು ಗೊರಕೆ ಕೇಳಿದ. ಆಮೇಲೆ ಎದ್ದು, ಚಪ್ಪಲಿ ಮೆಟ್ಟಿಕೊಂಡು, ಧಾಬಾದವನು ಕಾಯುತ್ತಿದ್ದ ಚಹಾದ ಅಂಗಡಿ ಕಡೆ ಹೊರಟ.

ನೀಲವ್ವ ಸೌಟು ಹಿಡಿದು ನಡುಮನೆಯಲ್ಲಿ ನಿಂತಿದ್ದಳು. ಅಣ್ಣನನ್ನು ನೋಡಿದಳು. ಅವನ ಹೊಟ್ಟೆ ಏರುತ್ತಿತ್ತು, ಇಳಿಯುತ್ತಿತ್ತು. ಕೈಯಲ್ಲಿದ್ದ ಸೌಟು ನೋಡಿದಳು. ಆಮೇಲೆ ನನ್ನನ್ನು ನೋಡಿದಳು.

"ತಮ್ಮಾ, ನಾಳಿಂದ ಅವಕ್ಕ ಏನೂ ಹಾಕೂದಿಲ್ಲ" ಎಂದಳು.

ಸೌಟು ಕೆಳಗಿಟ್ಟು ಬೀದಿಗಿಳಿದಳು. ಗಂಡನ ಹಿಂದೆ ಚಹಾದ ಅಂಗಡಿಗೆ ಹೆಂಗಸರು ಹೋಗುವ ರೂಢಿ ಆ ಊರಲ್ಲಿರಲಿಲ್ಲ. ಅವಳು ಹೋದಳು. ನಾಲ್ಕು ಜನರ ಎದುರು ಗಂಡನಿಗೆ, "ಹಿಂಗಾರಿ ಮಟಾ ಅಂತ ಮಾತು ಕೊಟ್ಟೀರಿ. ಹಿಂಗಾರಿ ಇನ್ನೂ ಬಂದಿಲ್ಲ" ಎಂದು ಅಷ್ಟೇ ಹೇಳಿ ನಿಂತುಕೊಂಡಳು. ಸಂಗಪ್ಪ ಚಹಾದ ಬಸಿಯನ್ನು ಅರ್ಧಕ್ಕೆ ಇಟ್ಟು ಎದ್ದು ಬಂದ. ತಾನು ಹೇಳಬೇಕಾಗಿದ್ದ ಮಾತನ್ನು ತಂಗಿಯೇ ಹೇಳಿ ಬಂದಳು ಎಂಬುದು ಬಸವಂತಪ್ಪನಿಗೆ ಎಚ್ಚರವಾದ ಮೇಲೆ ಗೊತ್ತಾಯಿತು. "ಛಲೋ ಆತು ಬಿಡು" ಎಂದು ಸಂಜೆಯ ಬಸ್ಸು ಹತ್ತಿದ.

ಅಲ್ಲಿಂದ ಮುಂದೆ ನೀಲವ್ವ ಮಣ್ಣಿಗೆ ಕೊಟ್ಟದ್ದು ನೀರು ಮಾತ್ರ. ಬುತ್ತಿ ತಂದರೂ ಪಟ್ಟಿಯ ಕಡೆ ಬೆನ್ನು ಮಾಡಿ ಕೂತು ನನಗೆ ಬಡಿಸುತ್ತಿದ್ದಳು, ಅವು ನೋಡಿದರೆ ಪಾಪ ಅನಿಸುತ್ತದೆ ಎಂದು. ದೊಡ್ಡ ಸರ್ ಪ್ರತಿ ವಾರ ಮಣ್ಣು ಪರೀಕ್ಷಿಸಿ ಹುಬ್ಬು ಏರಿಸತೊಡಗಿದರು. ಹೋಳಿಗೆ ತಿಂದು ಬೆಳೆದ ಅಷ್ಟೊಂದು ಬಳಗ ಹಸಿದು ಡೀಸೆಲ್ಲಿನ ಮೇಲೆ ಬಿದ್ದಿತ್ತು. ಮೊದಲು ಗಾಢವಾಗಿದ್ದ ವಾಸನೆ ತೆಳುವಾಯಿತು, ಆಮೇಲೆ ಮಣ್ಣು ಮೂಗಿಗೆ ಹಿಡಿದರೆ ಮಾತ್ರ ಬರುವಂತಾಯಿತು. ಮಣ್ಣು ಮತ್ತೆ ನೀರು ಕುಡಿಯಲು ಕಲಿಯಿತು. ಖಾಜಾಸಾಬ ಪ್ರತಿ ಸಲ ತಿರುವಿ ಹಾಕಿದಾಗಲೂ ಇಳಿದು ಬಂದು ಒಂದು ಹಿಡಿ ಮೂಸಿ, "ನನ್ನ ಟ್ರ್ಯಾಕ್ಟರಿಗಿಂತ ಕಡಿಮಿ ನಾರಾಕತ್ತೈತಿ" ಎಂದು ವರದಿ ಒಪ್ಪಿಸುತ್ತಿದ್ದ.

ಹಿಂಗಾರಿ ಮಳೆ ಬಿತ್ತು. ಸಂಗಪ್ಪ ಮಾತಿಗೆ ತಪ್ಪಲಿಲ್ಲ, ಉಳಿದ ಹೊಲದ ಜೊತೆ ಆ ಪಟ್ಟಿಗೂ ಕೂರಿಗೆ ಹೂಡಿ ಬಿಳಿಜೋಳ ಬಿತ್ತಿದ. ಉಳಿದ ಹೊಲ ಹಸಿರಾಯಿತು, ಪಟ್ಟಿ ಕಪ್ಪಗೆ ಇತ್ತು. ಧಾಬಾದವನು ಮೋಟರ್ ಸೈಕಲ್ಲಿನ ಮೇಲೆ ಎರಡು ಸಲ ಬಂದು ನೋಡಿ ಹೋದ. ನಾನು ಕಾಲೇಜಿಗೆ ಹೋಗದೆ ಅಲ್ಲೇ ಖಾಜಾಸಾಬನ ಮನೆಯಲ್ಲಿ ಉಳಿದೆ. ನನಗೆ ಅನ್ನ ಸೇರಲಿಲ್ಲ, ನನ್ನನ್ನು ಬಲ್ಲವರಿಗೆ ಅದರ ಅರ್ಥ ಗೊತ್ತು. ಒಂದು ಬೆಳಿಗ್ಗೆ ನೀಲವ್ವ ಕೂಗಿದ ದನಿ ಕೇಳಿ ನಾವಿಬ್ಬರೂ ಬರಿಗಾಲಲ್ಲಿ ಓಡಿದೆವು. ಅವಳು ಪಟ್ಟಿಯಲ್ಲಿ ಮೊಣಕಾಲೂರಿ ಕೂತಿದ್ದಳು. ಮುಖದ ಮುಂದೆ ಸೂಜಿಯಷ್ಟು ಹಸಿರು. ಅದರ ಆಚೆ ಇನ್ನೊಂದು. ಅದರಾಚೆ ಅರ್ಧ ಸಾಲು. ನಡುವೆ ಬೋಳು ಜಾಗಗಳಿದ್ದವು, ಇರಲಿ. ಸಂಗಪ್ಪ ಬಂದು ನೋಡಿ, "ಹುಟ್ಟೈತಿ" ಎಂದ. ಅವತ್ತೇ ಧಾಬಾದವನಿಗೆ ಆಗುವುದಿಲ್ಲ ಎಂದು ಹೇಳಿ ಕಳಿಸಿದ. ನಾನು, ಖಾಜಾಸಾಬ ಒಬ್ಬರನ್ನೊಬ್ಬರು ತಬ್ಬಿಕೊಂಡು ಕುಣಿದೆವು.

ಎಳ್ಳಮಾಸಿಗೆ ನನ್ನನ್ನು ಬಿಡದೆ ಕರೆಸಿದರು. ನಮ್ಮ ಕಡೆ ಅವತ್ತು ಮನೆಮಂದಿಯೆಲ್ಲ ಹೊಲಕ್ಕೆ ಹೋಗಿ, ಮಾಡಿದ ಅಡುಗೆಯನ್ನು ಮೊದಲು ಭೂಮಿಗೆ ಚೆಲ್ಲಿ ಆಮೇಲೆ ಉಣ್ಣುತ್ತಾರೆ, ಅದಕ್ಕೆ ಚರಗ ಚೆಲ್ಲುವುದು ಅನ್ನುತ್ತಾರೆ. ಸಜ್ಜೆ ಕಡುಬು, ಪುಂಡಿ ಪಲ್ಯ, ಶೇಂಗಾ ಹೋಳಿಗೆ ತುಂಬಿದ ಬುಟ್ಟಿ ಹೊತ್ತು ನೀಲವ್ವ ಹೊಲವೆಲ್ಲ ಸುತ್ತಿ ಚರಗ ಚೆಲ್ಲಿದಳು. ಎದೆಮಟ್ಟ ಬೆಳೆದ ಜೋಳದ ಪಟ್ಟಿಗೆ ಬಂದಾಗ ಮಾತ್ರ ನಿಂತು ನನ್ನ ಮುಖ ನೋಡಿದಳು.

"ತಮ್ಮಾ, ಎಣ್ಣಿ ಎಲ್ಲಾ ಮುಗೀತಲ್ಲ. ಈಗ ಅವು ಏನ ತಿಂತಾವ?"

ನಾನು ಹೋಳಿಗೆ ಹಿಡಿದಿದ್ದೆ, ಜೊತೆಗೆ ಪ್ರಯೋಗ ಗೆದ್ದ ಜಂಬವೂ ಇತ್ತು. "ಏನೂ ಇಲ್ಲ ದೊಡ್ಡವ್ವ. ಎಣ್ಣಿ ಮುಗೀತಂದ್ರ ಅವೂ ಮುಗೀತಾವ. ಹಸಿದು ಸಾಯ್ತಾವ. ಅದಕ್ಕ ಇದು ಛಲೋ ಪದ್ಧತಿ, ಹಿಂದ ಏನೂ ಉಳಿಯೂದಿಲ್ಲ."

ನೀಲವ್ವನ ಮುಖ ಕೆಂಪಾಯಿತು. "ಇದನ್ನ ಮೊದಲ ಹೇಳಬೇಕೋ ಬ್ಯಾಡೋ, ಮೂಳ!" ಎಂದು ನನ್ನನ್ನು ಬೈದಳು. ಹಾಗೆ ಅವಳು ಬೈದದ್ದು ಅದೊಂದೇ ಸಲ. ಬುಟ್ಟಿಯನ್ನು ಎತ್ತಿ, ಇದ್ದ ಕಡುಬು, ಹೋಳಿಗೆ, ಪಲ್ಯ ಎಲ್ಲವನ್ನೂ ಆ ಪಟ್ಟಿಯ ಮೇಲೆ ಸುರಿದಳು. ನಮ್ಮೆಲ್ಲರ ಊಟ ಅದರಲ್ಲಿತ್ತು. "ಉಣ್ರಿ ನಮ್ಮಪ್ಪಗೋಳ, ಹೊಟ್ಟಿ ತುಂಬ ಉಣ್ರಿ" ಅನ್ನುತ್ತ ಅತ್ತಳು. ಈ ಸಲ ನಾನು ಬೇಡ ಅನ್ನಲಿಲ್ಲ, ಕೈಯಲ್ಲಿದ್ದ ಹೋಳಿಗೆಯನ್ನೂ ಹಾಕಿದೆ.

ಅಲ್ಲಿಯವರೆಗೆ ಬದುವಿನ ಮೇಲೆ ಸುಮ್ಮನೆ ಕೂತಿದ್ದ ಸಂಗಪ್ಪ ಎದ್ದ. ಖಾಲಿ ಬುಟ್ಟಿ ನೋಡಿದ, ಹೆಂಡತಿಯನ್ನು ನೋಡಿದ. ಬೈಯುತ್ತಾನೆ ಎಂದುಕೊಂಡೆ. ಅವನು ನೀರಿನ ತಂಬಿಗೆ ತೆಗೆದುಕೊಂಡು ಜೋಳದ ಸಾಲಿನೊಳಗೆ ಹೋದ.

"ಬೀಗರು ಉಂಡ ಮ್ಯಾಲ ಕೈ ತೊಳಿಯಾಕ ನೀರು ಕೊಡಬೇಕಲ್ಲ" ಎಂದು ಬಗ್ಗಿ, ತಂಬಿಗೆಯಲ್ಲಿದ್ದ ನೀರನ್ನೆಲ್ಲ ನಿಧಾನವಾಗಿ ಮಣ್ಣಿಗೆ ಹೊಯ್ದ.